ಎಲ್ಲರ ಐದೈದು ನಿಮಿಷ

ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಮ್ಮೂರಿನಲ್ಲಿ ಸೂರ್ಯ ಮುಳುಗಿದ. ನಾನು ಆಗ ಪತ್ರಿಕೆಯ ಕಚೇರಿಯಲ್ಲಿ ಕುಳಿತು ಎರಡನೇ ಪುಟದ ಕರಡು ತಿದ್ದುತ್ತಿದ್ದೆ. ಕಿಟಕಿಯ ಬೆಳಕು ಕೆಂಪಾಯಿತು, ಕಂದಾಯಿತು, ಇಲ್ಲವಾಯಿತು. ಎದುರಿನ ಬೇವಿನ ಮರಕ್ಕೆ ಗಿಳಿಗಳು ವಾಪಸು ಬಂದು, ಬೆಳಗ್ಗೆ ಅರ್ಧಕ್ಕೆ ಬಿಟ್ಟುಹೋಗಿದ್ದ ಜಗಳವನ್ನು ಅಲ್ಲಿಂದಲೇ ಮುಂದುವರಿಸಿದವು. ಕೈಗಡಿಯಾರ ನೋಡಿಕೊಂಡೆ. ಹನ್ನೊಂದೇ. ಎದ್ದು ದೀಪ ಹಾಕಿದೆ.

ನಮ್ಮೂರಿನ ಸೂರ್ಯ ಪುರಸಭೆಯ ಕಂಪ್ಯೂಟರ್ ಹೇಳಿದಂತೆ ಹುಟ್ಟುತ್ತಾನೆ, ಅದು ಹೇಳಿದಂತೆ ಮುಳುಗುತ್ತಾನೆ. ಇದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಆದ್ದರಿಂದ ನಮ್ಮ ಸಂಜೆ ಪತ್ರಿಕೆ ‘ದಿನಾಂತ’ ಕೂಡ ಇದನ್ನು ಎಂದೂ ಬರೆದದ್ದಿಲ್ಲ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಸ್ವಲ್ಪ ಗಾಬರಿಯಾಗುತ್ತಾರೆ. ಆಮೇಲೆ ಅವರೂ ಸಂಡಿಗೆ ಒಣಹಾಕುವ ಮುಂಚೆ ಪುರಸಭೆಗೆ ಫೋನ್ ಮಾಡುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಒಂದು ಕಟ್ಟಳೆ ಮಾತ್ರ ಇದೆ: ಆ ಕಂಪ್ಯೂಟರಿನ ಗಂಟೆಯನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ಹಿಂದೊಮ್ಮೆ ಯಾರೋ ಒಂದು ಗಂಟೆ ಹಿಂದಿಟ್ಟಾಗ ಒಂದು ಕೂಸು ಎರಡು ಸಲ ಹುಟ್ಟಿತು. ಈಗ ಆ ಇಬ್ಬರಿಗೂ ಮೀಸೆ ಬಂದಿದೆ, ಇಬ್ಬರಿಗೂ ಒಂದೇ ರೇಷನ್ ಕಾರ್ಡು. ಚುನಾವಣೆ ಬಂದಾಗ ಮತಗಟ್ಟೆಯ ಬಾಗಿಲಲ್ಲಿ ನಡೆಯುವ ಗಲಾಟೆಯನ್ನು ನಾನೇ ಎರಡು ಸಲ ವರದಿ ಮಾಡಿದ್ದೇನೆ.

ಇನ್ನೊಂದು ಕಟ್ಟಳೆಯಲ್ಲ, ಅಭ್ಯಾಸ. ನಮ್ಮೂರಿನವರು ಗಡಿಯಾರವನ್ನು ಐದು ನಿಮಿಷ ಮುಂದಿಡುತ್ತಾರೆ. ತಡವಾಗಬಾರದೆಂದು. ಗೋಡೆಯ ಗಡಿಯಾರ, ಮೇಜಿನ ಗಡಿಯಾರ, ಮಗನ ಪರೀಕ್ಷೆಗೆ ಕೊಡಿಸಿದ ವಾಚು, ಎಲ್ಲವೂ ಐದು ನಿಮಿಷ ಮುಂದೆ. ಮುಂದಿದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಐದು ನಿಮಿಷ ಕಳೆದು ಲೆಕ್ಕ ಹಾಕುತ್ತಾರೆ, ಎಲ್ಲರಿಗೂ ತಡವಾಗುತ್ತದೆ. ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ.

ಹನ್ನೊಂದೂಕಾಲಿಗೆ ಪುರಸಭೆಯ ಮುಖ್ಯಾಧಿಕಾರಿ ನದಾಫ ಸಾಹೇಬರ ಫೋನ್ ಬಂತು.

“ಅಡಿವೆಪ್ಪಾ, ಎಲ್ಲಿದ್ದೀಯೋ ಮಾರಾಯ? ಹೊರಗ ನೋಡಿಯೇನು? ನನ್ನ ನಾಷ್ಟಾ ಇನ್ನೂ ಹೊಟ್ಟ್ಯಾಗ ಇಳಿದಿಲ್ಲ, ಇಲ್ಲಿ ಸೊಳ್ಳಿ ಕಡ್ಯಾಕ ಹತ್ಯಾವ.”

“ನೋಡಿದೆ ಸಾಹೇಬ್ರ.”

“ನಿಮ್ಮ ಪೇಪರ್ ಕಂಪ್ಯೂಟರೂ ನಮ್ಮ ಕಂಪ್ಯೂಟರಿನಂಗ ಲಿನಕ್ಸ್ ಅಲ್ಲೇನು? ಕರೀ ಪರದಾ ಬರ್ತದಲ್ಲ, ಅದರಾಗ ನೀ ಟಪಾಟಪಾ ಬಡಿಯೂದು ನಾ ನೋಡೀನಿ. ಲಗೂ ಬಾ. ಇಂಜಿನಿಯರ್ ಬರೂದು ಗುರುವಾರ ಅಂತ.”

ಗುರುವಾರ ಎಂಬ ಮಾತು ಕೇಳಿ ನಾನು ಕೂಡಲೇ ಗೋಡೆಯ ಕ್ಯಾಲೆಂಡರ್ ನೋಡಿದೆ. ಬಸ್ ನಿಲ್ದಾಣದ ಕಂಟ್ರೋಲರ್ ನೀಲಾಂಬಿಕಾ ಅವರಿಗೆ ಬಡ್ತಿಯ ಮೇಲೆ ವರ್ಗವಾಗಿತ್ತು. ಅವರು ಹೊರಡುವುದು ಗುರುವಾರ ಸಂಜೆ ಆರು ಗಂಟೆಯ ಬಸ್ಸಿಗೆ. ಅಷ್ಟರೊಳಗೆ ಅವರಿಗೆ ನಾನೊಂದು ಪ್ರಶ್ನೆ ಕೇಳಬೇಕಿತ್ತು. ಎಂಟು ತಿಂಗಳಿನಿಂದ ಕೇಳಬೇಕಿತ್ತು. ಪತ್ರಿಕೆಯಲ್ಲಿ ಕೆಲಸ ಮಾಡಿದವನಿಗೆ ಗಡುವು ಹತ್ತಿರ ಬರುವವರೆಗೆ ಕೈ ಓಡುವುದಿಲ್ಲ. ಗುರುವಾರ ಸಂಜೆ ಆರು ಎಂಬ ಗಡುವನ್ನು ನನಗೆ ನಾನೇ ಹಾಕಿಕೊಂಡು ಸಮಾಧಾನದಿಂದ ಇದ್ದೆ. ಎರಡೂವರೆ ದಿನ ಇತ್ತಲ್ಲ. ಈಗ ಸೂರ್ಯ ಹನ್ನೊಂದು ಗಂಟೆಗೇ ಮುಳುಗಿದ್ದಾನೆ ಎಂದರೆ ಗುರುವಾರ ಯಾವಾಗ ಬಂದು ನಿಲ್ಲುತ್ತದೋ ಹೇಳುವಂತಿರಲಿಲ್ಲ.

ಪ್ರಶ್ನೆ ಕೇಳದೆ ಇದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಭಾನುವಾರ ಹಾಲಿನ ಡೈರಿಯ ಕಾರ್ಯದರ್ಶಿ ಬಸವಣ್ಣೆವ್ವ ಸಂತೆಯಲ್ಲಿ ಸಿಕ್ಕಿ, “ನಿಮ್ಮ ಬಸ್ ಸ್ಟ್ಯಾಂಡ್ ನೀಲವ್ವಗ ಗಂಡು ಗೊತ್ತಾಗ್ಯದಂತ, ಅದಕ್ಕ ವರ್ಗಾ ತಗೊಂಡಾಳಂತ” ಎಂದಿದ್ದಳು. ಸೋಮವಾರ ನದಾಫ ಸಾಹೇಬರು ಚಹಾ ಅಂಗಡಿಯಲ್ಲಿ ಅದನ್ನೇ ಹೇಳಿದ್ದರು. ಒಬ್ಬರು ಹೇಳಿದರೆ ಅದು ವದಂತಿ. ಸಂಬಂಧವಿಲ್ಲದ ಇಬ್ಬರು ಹೇಳಿದರೆ ಅದು ಸುದ್ದಿ. ಹದಿನಾಲ್ಕು ವರ್ಷ ನಾನು ಈ ಅಳತೆಯ ಮೇಲೆಯೇ ಪತ್ರಿಕೆ ನಡೆಸಿದ್ದೇನೆ, ಒಂದು ತಿದ್ದುಪಡಿಯನ್ನೂ ಪ್ರಕಟಿಸಬೇಕಾಗಿ ಬಂದಿಲ್ಲ.

ಸೈಕಲ್ ಹತ್ತಿ ಪುರಸಭೆಗೆ ಹೋದೆ. ದಾರಿಯಲ್ಲಿ ಜನ ಕತ್ತಲಿಗೆ ಆಗಲೇ ಹೊಂದಿಕೊಳ್ಳತೊಡಗಿದ್ದರು. ಕ್ಷೌರದ ಅಂಗಡಿಯಲ್ಲಿ ಒಬ್ಬರ ಅರ್ಧ ಗಡ್ಡ ಮುಗಿದಿತ್ತು. ಉಳಿದದ್ದು ನಾಳೆ ಎಂದು ಕ್ಷೌರಿಕ ಷಟರ್ ಎಳೆಯುತ್ತಿದ್ದ, ಗಿರಾಕಿ ನೊರೆ ಸಮೇತ ಜಗಳಕ್ಕೆ ನಿಂತಿದ್ದ. ಇಡ್ಲಿ ಹೋಟೆಲಿನಾಕೆ ನಾಳೆಯ ಹಿಟ್ಟು ರುಬ್ಬಲು ಅಕ್ಕಿ ತೊಳೆಯುತ್ತ, “ರಾತ್ರಿ ಎಷ್ಟ ಹೊತ್ತ ಇರ್ತದಂತ ಕೇಳಿಕೊಂಡ ಬರ್ರಿ, ಹಿಟ್ಟ ಹುಳೀ ಬರಬೇಕಲ್ಲ” ಎಂದು ಕೂಗಿದಳು. ನಾನು ಪುರಸಭೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಚಂದ್ರ ನೆತ್ತಿಯ ಮೇಲೆ ಬಂದಿದ್ದ. ಸರಿಯಾಗಿ ಹೇಳಬೇಕೆಂದರೆ, ಬಂದಿರಲಿಲ್ಲ, ಜಿಗಿದಿದ್ದ. ಒಂದು ಕಡೆ ಇದ್ದವನು ಕಣ್ಣು ಮಿಟುಕಿಸುವುದರಲ್ಲಿ ಒಂದು ಗೇಣು ಆಚೆ ಇದ್ದ.

ಕಂಪ್ಯೂಟರ್ ಇದ್ದದ್ದು ಜನನ ಮರಣ ವಿಭಾಗದ ಹಿಂದಿನ ಕೋಣೆಯಲ್ಲಿ. ನದಾಫ ಸಾಹೇಬರು ಕುರ್ಚಿಯ ಮೇಲಿದ್ದ ಮೆತ್ತೆಯನ್ನು ತಟ್ಟಿ ನನ್ನನ್ನು ಕೂರಿಸಿದರು. ಯಂತ್ರ ಕೆಟ್ಟಾಗ ಮೊದಲು ನೋಡಬೇಕಾದದ್ದನ್ನು ಮೊದಲು ನೋಡಿದೆ. ಒಳಗಿನ ಸಣ್ಣ ಸೆಲ್ಲು ಸತ್ತಿದ್ದರೆ ಕಂಪ್ಯೂಟರ್ ಗಂಟೆ ಮರೆಯುತ್ತದೆ, ಸೆಲ್ಲು ಹೊಸದಿತ್ತು. ಬೇರೆ ದೇಶದ ವೇಳೆ ಹಾಕಿ ಕೂತಿದ್ದರೆ ಹಗಲು ರಾತ್ರಿ ಅದಲುಬದಲಾಗುತ್ತದೆ. ದೇಶ ನಮ್ಮದೇ ಇತ್ತು. ಗಂಟೆ ತಿದ್ದುವ ಪ್ರೋಗ್ರಾಮು ನಿಂತುಹೋಗಿದೆಯೇ ಎಂದು ನೋಡಿದರೆ ಅದು ಬೆವರು ಸುರಿಸಿ ಓಡುತ್ತಿತ್ತು.

“ಏನಾಗ್ಯದ?” ಎಂದರು ಸಾಹೇಬರು.

“ಎಲ್ಲಾ ಬರೋಬ್ಬರಿ ಅದರಿ.”

“ಬರೋಬ್ಬರಿ ಇದ್ದದ್ದು ಹಿಂಗ ಮಾಡ್ತದೇನು?”

ಅವರು ಹೇಳಿದ್ದು ಸರಿ ಎನ್ನುವಂತೆ ಕಿಟಕಿಯಲ್ಲಿ ಬುಧವಾರದ ಬೆಳಕು ಬಂತು. ಊರಿನ ಕೋಳಿಗಳೆಲ್ಲ ಒಟ್ಟಿಗೆ ಕೂಗಿದವು.

ಲಿನಕ್ಸ್ ಕಂಪ್ಯೂಟರ್ ತನ್ನ ಗಂಟೆಯನ್ನು ತಾನೇ ನಂಬುವುದಿಲ್ಲ. ಆಗಾಗ ಬೇರೆ ಕಂಪ್ಯೂಟರುಗಳನ್ನು ಕೇಳಿ, ಅವು ಹೇಳಿದ್ದನ್ನು ತೂಗಿ, ತನ್ನದನ್ನು ತಿದ್ದಿಕೊಳ್ಳುತ್ತದೆ. ಇದು ಯಾರನ್ನು ಕೇಳುತ್ತಿದೆ ಎಂದು ನೋಡಲು ಒಂದು ಸಾಲು ಟೈಪ್ ಮಾಡಿದೆ. ಮೂರು ಹೆಸರು ಬಂದವು. ಮೊದಲನೆಯದು ಬಸ್ ನಿಲ್ದಾಣದ ಕಂಪ್ಯೂಟರ್. ಅದರ ಹಿಂದೆ ನಕ್ಷತ್ರದ ಗುರುತಿತ್ತು: ಇದನ್ನು ನಂಬಿದ್ದೇನೆ ಎಂದರ್ಥ. ಎರಡನೆಯದು ಹಾಲಿನ ಡೈರಿಯ ಕಂಪ್ಯೂಟರ್. ಅದಕ್ಕೂ ಒಳ್ಳೆಯ ಗುರುತೇ ಇತ್ತು. ಮೂರನೆಯದು ಊರ ಹೊರಗೆ ಎಲ್ಲೋ ದೂರದಲ್ಲಿರುವ, ನಮ್ಮಲ್ಲಿ ಯಾರೂ ಕಾಣದ ಒಂದು ಕಂಪ್ಯೂಟರ್. ಅದಕ್ಕೆ ಇಂಟು ಮಾರ್ಕ್ ಹಾಕಿತ್ತು. ಸುಳ್ಳುಗಾರ ಎಂದರ್ಥ.

ಹೊರಗಿನ ಆ ಕಂಪ್ಯೂಟರಿನ ಪ್ರಕಾರ ಇನ್ನೂ ಮಂಗಳವಾರ ಹನ್ನೆರಡು ಗಂಟೆ. ನನ್ನ ಕೈಗಡಿಯಾರವೂ ಹನ್ನೆರಡು ತೋರಿಸುತ್ತಿತ್ತು. ಆದರೆ ವರದಿಗಾರ ತಾನೇ ಮೂಲವಾಗುವಂತಿಲ್ಲ. ನನ್ನ ಗಡಿಯಾರವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಡೈರಿ ಒಂದು ಮಾತು ಹೇಳುತ್ತಿದೆ, ಬಸ್ ನಿಲ್ದಾಣ ಅದೇ ಮಾತು ಹೇಳುತ್ತಿದೆ, ಸಾಲದ್ದಕ್ಕೆ ಸೂರ್ಯನೂ ಅದನ್ನೇ ಹೇಳುತ್ತಿದ್ದಾನೆ. ಇಷ್ಟು ಜನರ ಎದುರು ಗುರುತು ಪರಿಚಯವಿಲ್ಲದ ಒಬ್ಬ. ಕಂಪ್ಯೂಟರ್ ಮಾಡಿದ ತೀರ್ಮಾನ ನನಗೆ ಬಹಳ ಹಿಡಿಸಿತು. ನಾನಾದರೂ ಅದನ್ನೇ ಮಾಡುತ್ತಿದ್ದೆ.

“ಸಾಹೇಬ್ರ, ಇದು ಕೇಳೂದು ಕಡಿಮಿ ಆಗ್ಯದ” ಎಂದೆ. “ಆಗೊಮ್ಮೆ ಈಗೊಮ್ಮೆ ಕೇಳ್ತದ. ನಡುವ ಏನರೆ ಹೆಚ್ಚುಕಮ್ಮಿ ಆದ್ರ ಗೊತ್ತಾಗೂದಿಲ್ಲ. ಇಲ್ಲಿ, ಡೈರ್ಯಾಗ, ಬಸ್ ಸ್ಟ್ಯಾಂಡಿನ್ಯಾಗ, ಮೂರೂ ಕಡೆ ನಿಮಿಷಕ್ಕೊಮ್ಮೆ ಕೇಳೂ ಹಂಗ ಮಾಡೋಣ.”

“ಮಾಡಪ್ಪಾ. ಕೇಳಿ ಕೇಳಿ ಮಾಡೂದು ಛಲೋ.”

ಮಾಡಿದೆ. ಊರಿನ ಆ ಮೂರು ಕಂಪ್ಯೂಟರುಗಳೂ ಪುರಸಭೆಯ ತಂತಿಯ ಮೇಲೇ ಇದ್ದುದರಿಂದ ಅಲ್ಲಿಂದಲೇ ಮೂರಕ್ಕೂ ಅಪ್ಪಣೆ ಕೊಟ್ಟೆ. ಕೊಟ್ಟು ಎಂಟರ್ ಒತ್ತಿದ ಮೇಲೆ ಹಗಲು ಎಂಬುದು ನಮ್ಮೂರಿನಲ್ಲಿ ಮುಕ್ಕಾಲು ಗಂಟೆಯ ವಸ್ತುವಾಯಿತು, ರಾತ್ರಿಯೂ ಅಷ್ಟೇ.

ಆ ಮುಂದಿನ ಒಂದೆರಡು ತಾಸುಗಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಸೂರ್ಯ ಮೈದಾನದಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿಯಂತೆ ಮನೆಯಿಂದ ಮನೆಗೆ ಕುಪ್ಪಳಿಸುತ್ತ ಹೋದ. ಹೆಂಗಸರು ಸಂಡಿಗೆಯ ತಟ್ಟೆ ಹಿಡಿದು ಮಾಳಿಗೆ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಮೂರನೇ ಸಲಕ್ಕೆ ಅವರು ನಗುವುದಕ್ಕೆ ಶುರುಮಾಡಿ, ತಟ್ಟೆ ಅಲ್ಲೇ ಇಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. ಶಾಲೆಯ ಗೇಟಿನಲ್ಲಿ ಒಳಗೆ ಹೋದ ಮಕ್ಕಳು ಪ್ರಾರ್ಥನೆ ಮುಗಿಸಿ ಅದೇ ಓಟದಲ್ಲಿ ಹೊರಗೆ ಬಂದರು. ಬೀದಿ ದೀಪದವನು ಸ್ವಿಚ್ಚಿನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡ. ಜನ ಒಬ್ಬರಿಗೊಬ್ಬರು ನಮಸ್ಕಾರ ಹೇಳಿ ಊಟ ಆಯಿತೇ ಎಂದು ಕೇಳುವಷ್ಟರಲ್ಲಿ ಯಾವ ಊಟ ಎಂಬ ಪ್ರಶ್ನೆ ಏಳುತ್ತಿತ್ತು. ಗೋಡೆ ಗಡಿಯಾರಗಳನ್ನು ಸೂರ್ಯನಿಗೆ ಸರಿಯಾಗಿ ತಿರುಗಿಸಿ ತಿರುಗಿಸಿ, ಪ್ರತಿ ಸಲವೂ ಮರೆಯದೆ ಐದು ನಿಮಿಷ ಸೇರಿಸಿದರು. ಇಡ್ಲಿ ಹೋಟೆಲಿನಾಕೆ ಹುಳಿ ಬಾರದ ಹಿಟ್ಟಿನ ಪಾತ್ರೆಯನ್ನು ಹೊತ್ತು ಪುರಸಭೆಯ ಮುಂದೆ ಬಂದು ಕೂತಳು. ಅವಳ ಹಿಂದೆ ಅರ್ಧ ಗಡ್ಡದವನೂ ಇದ್ದ. ಎಮ್ಮೆಗಳು ಮಾತ್ರ ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ ರಸ್ತೆಯ ನಡುವೆ ನಿಂತು ಮೆಲುಕು ಹಾಕುತ್ತಿದ್ದವು.

ಬುಧವಾರ ಹೋಯಿತು. ‘ದಿನಾಂತ’ದಿಂದ ಫೋನ್ ಬಂತು: ಸಂಜೆಯಾಗಿದೆ, ಪುಟ ಎಲ್ಲಿ? ಬರೆಯಲು ಕೂರುವಷ್ಟರಲ್ಲಿ ಗುರುವಾರದ ಕೋಳಿ ಕೂಗಿತು. ಈ ಸಲ ಅದರ ಗಂಟಲು ಕಟ್ಟಿತ್ತು.

ಸಂಜೆ ಆರಕ್ಕೆ ಇನ್ನು ಉಳಿದಿದ್ದದ್ದು ನನ್ನ ಕೈಗಡಿಯಾರದ ಪ್ರಕಾರ ಮುಕ್ಕಾಲು ಗಂಟೆ. ಬಸ್ ನಿಲ್ದಾಣದಲ್ಲಿ ಅಷ್ಟು ಹೊತ್ತಿಗೆ ನೀಲಾಂಬಿಕಾ ಅವರ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿರುತ್ತಾರೆ. ತಿದ್ದಿದ್ದರಿಂದ ಓಟ ಕಡಿಮೆಯಾಗದೆ ಹೆಚ್ಚಾಯಿತೆಂದರೆ ತಪ್ಪು ಕೇಳುವುದರಲ್ಲೇ ಇದೆ ಎಂದು ಆಗ ಹೊಳೆಯಿತು. ಮೇಜಿನ ಮೇಲಿನ ಫೋನ್ ಎತ್ತಿ ಡೈರಿಗೆ ಹಚ್ಚಿದೆ.

“ಬಸವಣ್ಣೆವ್ವಾ, ನಿಮ್ಮ ಕಂಪ್ಯೂಟರ್ ಟೈಮ್ ಎಲ್ಲಿಂದ ತಗೋತದ?”

“ಅಯ್ಯ ತಮ್ಮಾ, ನನ್ನ ಟೈಮಿಗೆ ಬೆರಳ ಮಾಡಿ ತೋರಸಬ್ಯಾಡ. ನಿಮ್ಮ ಸಾಹೇಬ್ರ ಸುತ್ತೋಲೆ ಕಳಿಸಿದ್ರಲ್ಲ, ಎಲ್ಲಾರೂ ಪುರಸಭಾದ ಟೈಮ ತಗೋಬೇಕಂತ. ಇವತ್ತ ನಸುಕಿನ್ಯಾಗ ಹಚ್ಚಿಸೀನಿ. ಸೂರ್ಯಾನ ಅದರ ಮಾತ ಕೇಳ್ತಾನ ಅಂದಮ್ಯಾಲ ನಾ ಯಾವಾಕಿ ಕೇಳದಾಕಿ?”

“ಇದ್ದದ್ದು ಇದ್ದಂಗ ತಗೋತೀರೇನು?”

“ಇದ್ದಂಗ ತಗೊಂಡ ಹಾಲ ಒಡಿಸ್ಲೇನು? ಒಂದ ಐದ ಮಿನಿಟ್ ಕೂಡಿಸೀನಿ. ಬರೇ ಐದ ಮಿನಿಟ್.”

ಫೋನ್ ಇಟ್ಟು ಬಸ್ ನಿಲ್ದಾಣಕ್ಕೆ ಹಚ್ಚಿದೆ. ನೀಲಾಂಬಿಕಾ ಅವರೇ ಎತ್ತಿದರು. ಎಂಟು ತಿಂಗಳಲ್ಲಿ ಫೋನಿನಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು. ಎರಡು ಕ್ಷಣ ನನಗೆ ಯಾಕೆ ಫೋನ್ ಮಾಡಿದೆನೆಂದೇ ನೆನಪಾಗಲಿಲ್ಲ.

“ಹಲೋ ಅಂತ ಹೇಳ್ರಿ, ಇಲ್ಲಾ ಬಸ್ಸಿನ ಹೆಸರರೆ ಹೇಳ್ರಿ” ಎಂದರು ಅವರು.

“ನಿಮ್ಮ ಕಂಪ್ಯೂಟರಿಗೆ ಟೈಮ್ ಎಲ್ಲಿಂದ ಬರ್ತದ್ರಿ?”

“ಪೇಪರಿನವರೇನ್ರಿ? ಡೈರಿಯಿಂದ. ಹಾಲಿನ ಗಾಡಿ ಒಂದಿನಾ ತಪ್ಪಿದ್ದ ನಾ ನೋಡಿಲ್ಲ, ಅದಕ್ಕ ಅವರದ ತಗೋತೀನಿ. ಮ್ಯಾಲ ಐದ ಮಿನಿಟ್ ನಂದು. ಯಾಕ್ರಿ, ಇದನ್ನೂ ಛಾಪಸ್ತೀರೇನು?”

ನದಾಫ ಸಾಹೇಬರ ಕಡೆ ತಿರುಗಿದೆ. “ಸಾಹೇಬ್ರ, ನಿಮ್ಮ ಕಂಪ್ಯೂಟರ್ ಬಸ್ ಸ್ಟ್ಯಾಂಡನ್ನೂ ಡೈರಿಯನ್ನೂ ಕೇಳ್ತದ. ಕೇಳಿದ್ದಕ್ಕ ಏನರೆ ಕೂಡಸ್ತೀರೇನು?”

ಸಾಹೇಬರು ಮೇಜಿನ ಮೇಲಿನ ಪೇಪರ್‌ವೇಟ್ ಅನ್ನು ಅತ್ತ ಇತ್ತ ಸರಿಸಿದರು. “ಆಫೀಸಿಗೆ ಮಂದಿ ಟೈಮಿಗೆ ಬರಲಿ ಅಂತ… ಬಾಳೇನಿಲ್ಲ. ಐದು.”

ಪುರಸಭೆ ಬಸ್ ನಿಲ್ದಾಣವನ್ನು ನಂಬಿ ಕೇಳುತ್ತಿತ್ತು, ಬಸ್ ನಿಲ್ದಾಣ ಡೈರಿಯನ್ನು ಕೇಳುತ್ತಿತ್ತು, ಡೈರಿ ಬೆಳಗ್ಗೆಯಿಂದ ಪುರಸಭೆಯನ್ನು ಕೇಳುತ್ತಿತ್ತು. ಕೇಳಿದವರೆಲ್ಲ ಐದು ಕೂಡಿಸಿ ಮುಂದಿನವರಿಗೆ ಹೇಳುತ್ತಿದ್ದರು. ಮಾತು ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಕಾಲು ತಾಸು ಬೆಳೆದಿರುತ್ತಿತ್ತು. ನಾನು ನಿಮಿಷಕ್ಕೊಮ್ಮೆ ಕೇಳುವಂತೆ ಮಾಡಿ ಆ ಸುತ್ತಿಗೆ ಚಾಟಿ ಬೀಸಿದ್ದೆ. ಇಬ್ಬರು ಒಂದೇ ಮಾತು ಹೇಳುತ್ತಿದ್ದರು ನಿಜ. ಆದರೆ ಇಬ್ಬರೂ ಹೇಳುತ್ತಿದ್ದದ್ದು ಒಬ್ಬರ ಬಾಯಿಂದ ಇನ್ನೊಬ್ಬರು ಕೇಳಿದ್ದನ್ನೇ. ಹೊರಗಿನ ಒಬ್ಬ ಮಾತ್ರ ತಾನು ಕಂಡದ್ದನ್ನು ಹೇಳುತ್ತಿದ್ದ. ಅವನು ಒಬ್ಬನೇ ಆದ್ದರಿಂದ ಅವನಿಗೆ ಇಂಟು ಮಾರ್ಕ್ ಬಿದ್ದಿತ್ತು.

ಆಗ ಕುರ್ಚಿಯಲ್ಲಿ ನೆಟ್ಟಗೆ ಕೂತೆ.

“ಸಾಹೇಬ್ರ, ಬಸ್ ಸ್ಟ್ಯಾಂಡಿನ ನೀಲಾಂಬಿಕಾ ಅವರಿಗೆ ಗಂಡು ಗೊತ್ತಾಗ್ಯದ ಅಂತ ಹೇಳಿದ್ರಲ್ಲ, ಅದು ನಿಮಗ ಯಾರ ಹೇಳಿದ್ರು?”

“ಸೂರ್ಯ ಹೊಂಟ ಹೋಗಾಕ ಹತ್ಯಾನ, ನಿಂಗ ಗಂಡಿನ ಚಿಂತೀನೋ? ಬಸವಣ್ಣೆವ್ವ ಹೇಳಿದ್ಲಪಾ.”

ಮತ್ತೆ ಡೈರಿಗೆ ಹಚ್ಚಿದೆ. “ಬಸವಣ್ಣೆವ್ವಾ, ನೀಲಾಂಬಿಕಾ ಅವರ ಗಂಡಿನ ಸುದ್ದಿ ನಿಮಗ ಯಾರ ಹೇಳಿದ್ರು?”

“ನಿಮ್ಮ ಸಾಹೇಬ್ರ! ಆಕೀಗೆ ವರ್ಗಾ ಆತು, ಬಹುಶಃ ಗಂಡು ಗೊತ್ತಾಗಿರಬೇಕು ಅಂದ್ರು. ನಾ ಅದನ್ನ ಮಂದಿಗೆ ಹೇಳಿದೆ. ಆಮ್ಯಾಲ ಅವರಿಗೂ ಹೇಳಿದೆ, ಹೌದಂತರೀ ಅಂತ.”

ಫೋನ್ ಇಟ್ಟು ನಾನು ನಗತೊಡಗಿದೆ. ನದಾಫ ಸಾಹೇಬರು ನನಗೆ ನೀರು ತರಿಸಿದರು. ಹೊರಗೆ ಸೂರ್ಯ ನೆತ್ತಿಯಿಂದ ಇಳಿದು ಒಂದು ಜಿಗಿತಕ್ಕೆ ಅಂಚೆ ಕಚೇರಿಯ ಮೇಲೆ ಬಂದಿದ್ದ, ಇನ್ನೊಂದು ಜಿಗಿತಕ್ಕೆ ನೀರಿನ ಟಾಕಿಯ ಮೇಲೆ. ಸಮಯ ಇರಲಿಲ್ಲ.

“ಸಾಹೇಬ್ರ, ಮೂವರೂ ತಮ್ಮ ತಮ್ಮ ಐದ ಮಿನಿಟ್ ತಗದುಬಿಡ್ರಿ.”

ಇಷ್ಟು ಹೇಳಿದ್ದೇ ತಡ, ಅವರು ಫೋನ್ ಎತ್ತಿ ಬಸವಣ್ಣೆವ್ವನ ಜೊತೆ ವಾದಕ್ಕಿಳಿದರು. ಆಕೆಯ ಮಾತು ಕೋಣೆಗೆಲ್ಲ ಕೇಳುತ್ತಿತ್ತು. ನನ್ನವು ಹಾಲಿನ ಐದು, ನಿಮ್ಮವು ಬರೇ ಫೈಲಿನ ಐದು, ತೆಗೆಯುವುದಾದರೆ ನಿಮ್ಮವು ತೆಗೆಯಿರಿ ಎಂದಳು. ನಿನ್ನ ಎಮ್ಮೆ ಗಡಿಯಾರ ನೋಡಿ ಹಾಲು ಕೊಡುತ್ತದೇನು ಎಂದರು ಸಾಹೇಬರು. ನನ್ನ ಎಮ್ಮೆ ನಿಮ್ಮ ಗುಮಾಸ್ತರಿಗಿಂತ ಮೊದಲು ಏಳುತ್ತದೆ ಎಂದಳು ಆಕೆ. ಸೂರ್ಯ ಟಾಕಿಯಿಂದ ಬೇವಿನ ಮರಕ್ಕೆ ಇಳಿದ.

ಯಾರೂ ಕೊಡುವವರಲ್ಲ ಎಂದು ಗೊತ್ತಾಯಿತು. ನಾನು ಅವರಿಬ್ಬರನ್ನೂ ಅವರ ಪಾಡಿಗೆ ಬಿಟ್ಟು, ಪುರಸಭೆಯ ಕಂಪ್ಯೂಟರಿನ ಪಟ್ಟಿಯಿಂದ ಡೈರಿಯ ಹೆಸರು ಅಳಿಸಿದೆ. ಬಸ್ ನಿಲ್ದಾಣದ ಹೆಸರು ಅಳಿಸಿದೆ. ಇಂಟು ಮಾರ್ಕಿನವನೊಬ್ಬನನ್ನೇ ಉಳಿಸಿದೆ. ಈಗ ಕೇಳುವುದಕ್ಕೆ ಅವನೊಬ್ಬನೇ ಇದ್ದುದರಿಂದ ಇಂಟು ಹೋಗಿ ನಕ್ಷತ್ರ ಬಂತು.

ಇನ್ನೊಂದು ಕೆಲಸ ಬಾಕಿ ಇತ್ತು. ಊರು ಆಗ ಗುರುವಾರ ಸಂಜೆ ಐದೂಮುಕ್ಕಾಲಿನಲ್ಲಿತ್ತು. ಹೊರಗಿನವನ ಪ್ರಕಾರ ಮಂಗಳವಾರ ಮಧ್ಯಾಹ್ನ ಎರಡೂವರೆ. ತಪ್ಪು ಕಂಡಾಗ ಒಮ್ಮೆಲೇ ಜಿಗಿದು ಸರಿಮಾಡಿಕೋ ಎಂದು ಹಿಂದಿನ ಇಂಜಿನಿಯರ್ ಬರೆದಿಟ್ಟಿದ್ದ. ಹಾಗೆ ಬಿಟ್ಟರೆ ಅದು ಎರಡು ದಿನ ಹಿಂದಕ್ಕೆ ಜಿಗಿಯುತ್ತದೆ, ಊರಿನ ತುಂಬ ಎರಡೆರಡು ಸಲ ಹುಟ್ಟಿದ ಕೂಸುಗಳಾಗುತ್ತವೆ. ಆ ಸಾಲನ್ನು ತೆಗೆದೆ. ಬದಲಿಗೆ ಇನ್ನೊಂದು ಸಾಲು ಬರೆದೆ: ಹಿಂದಕ್ಕೆ ಹೋಗಬೇಡ, ಮುಂದಕ್ಕೂ ಓಡಬೇಡ, ನಿಜವಾದ ಗಂಟೆ ಬಂದು ನಿನ್ನನ್ನು ಕೂಡಿಕೊಳ್ಳುವವರೆಗೆ ತೆವಳು. ಎಷ್ಟು ನಿಧಾನ ಎಂಬುದಕ್ಕೆ ಮಿತಿ ಹಾಕಲಿಲ್ಲ.

“ಹೊರಗಿನಾಂವ ಹೇಳಿದ್ದಕ್ಕ ಐದ ಮಿನಿಟರೆ ಕೂಡಸು ಮಾರಾಯ” ಎಂದರು ಸಾಹೇಬರು, ಫೋನಿಗೆ ಅಂಗೈ ಅಡ್ಡ ಹಿಡಿದು. “ಇಲ್ಲಾಂದ್ರ ಮಂದಿ ನನ್ನ ಬಿಡೂದಿಲ್ಲ.”

ಅದೊಂದನ್ನು ಕೂಡಿಸಿ ಎಂಟರ್ ಒತ್ತಿದೆ.

ಜಿಗಿಯಲು ಕಾಲು ಎತ್ತಿದ್ದ ಸೂರ್ಯ ಬೇವಿನ ಕೊಂಬೆಯ ಸಂದಿಯಲ್ಲಿ ಹಾಗೇ ನಿಂತ. ಹೊನ್ನಿನ ಬೆಳಕು ಬೀದಿಯ ಉದ್ದಕ್ಕೂ ಮಲಗಿತು. ಗಿಳಿಗಳು ಮರಕ್ಕೆ ಬರಬೇಕೋ ಬೇಡವೋ ತಿಳಿಯದೆ ಮೇಲೆಯೇ ಸುತ್ತಿದವು. ಆಮೇಲೆ ಇಡ್ಲಿ ಹೋಟೆಲಿನಾಕೆ ಹಿಟ್ಟಿನ ಪಾತ್ರೆಯ ಮುಚ್ಚಳ ಮುಚ್ಚಿ, “ಇನ್ನ ಬರ್ತದ ನೋಡು ಹುಳಿ” ಎಂದಳು. ಇಡೀ ಬೀದಿ ಚಪ್ಪಾಳೆ ಹೊಡೆಯಿತು.

ಸೈಕಲ್ ತುಳಿಯುತ್ತ ಹೋದೆ. ಅವಸರಪಡುವ ಕಾರಣ ಈಗ ಇರಲಿಲ್ಲ, ಆದರೂ ಎರಡು ಕಡೆ ಎಮ್ಮೆಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಬಸ್ ನಿಲ್ದಾಣದಲ್ಲಿ ಆರರ ಬಸ್ಸು ಟ್ರಂಕು ಗಂಟು ಹೊತ್ತು ತಯಾರಾಗಿ ನಿಂತಿತ್ತು. ಪ್ರಯಾಣಿಕರು ಇಳಿದು ಕಟ್ಟೆಯ ಮೇಲೆ ಚಾದರ ಹಾಸಿ ಬುತ್ತಿ ಬಿಚ್ಚಿದ್ದರು. ಧ್ವನಿವರ್ಧಕದಲ್ಲಿ ನೀಲಾಂಬಿಕಾ ಅವರ ದನಿ ಬರುತ್ತಿತ್ತು: ಪ್ರಯಾಣಿಕರ ಗಮನಕ್ಕೆ, ಆರು ಗಂಟೆಯ ಬಸ್ಸು ಆರು ಗಂಟೆಗೇ ಹೊರಡುತ್ತದೆ, ಆರು ಗಂಟೆ ಯಾವಾಗ ಆಗುತ್ತದೆಂದು ತಿಳಿದ ಕೂಡಲೇ ತಿಳಿಸಲಾಗುವುದು.

ನನ್ನನ್ನು ಕಂಡು ಮೈಕ್ ಆರಿಸಿದರು. “ಬರ್ರಿ ಪೇಪರಿನವರ. ಟೈಮ್ ಟೇಬಲ್ ಏನೂ ಬದಲಾಗಿಲ್ಲ. ಎಂಟ ತಿಂಗಳಿಂದ ದಿನಾ ಬಂದು ಕೇಳ್ತೀರಿ, ಒಂದಿನಾನೂ ಬದಲಾಗಿಲ್ಲ.”

“ಟೈಮ್ ಟೇಬಲ್ಲಿಗೆ ಬಂದಿಲ್ಲರಿ.”

“ಅಯ್ಯ! ಹಂಗಾರ ಇವತ್ತ ಏನೋ ಸುದ್ದಿ ಅದ ಅಂದಂಗಾತು.”

ಆದದ್ದನ್ನು ಹೇಳಿದೆ. ಪುರಸಭೆ, ಡೈರಿ, ಸುತ್ತೋಲೆ, ಸುತ್ತು. ಅವರು ಗಲ್ಲಕ್ಕೆ ಕೈಯಿಟ್ಟು ಕೇಳಿದರು.

“ಅದರಾಗ ನನ್ನ ಐದ ಮಿನಿಟೂ ಅದಾವೇನ್ರಿ?”

“ಅದಾವ್ರಿ.”

“ಯಾರರೆ ಓಡಿಕೋತ ಬಂದ್ರ ಬಸ್ ಸಿಗಲಿ ಅಂತ ಇಟ್ಟಿದ್ದೆ. ಬೋರ್ಡಿನ್ಯಾಗ ಆರಾದಮ್ಯಾಲ ಐದ ಮಿನಿಟ್ ತಡದ ಬಿಡ್ತಿದ್ದೆ. ಎಲ್ಲಾರ್ಗೂ ಗೊತ್ತಾಗಿ ಎಲ್ಲಾರೂ ಐದ ಮಿನಿಟ್ ತಡಾ ಮಾಡಿ ಬರಾಕ ಹತ್ತಿದ್ರು, ಆ ಮಾತು ಬ್ಯಾರೆ.” ಅವರು ತಮ್ಮ ಕೀಬೋರ್ಡ್ ಎಳೆದುಕೊಂಡು ಏನೋ ಒತ್ತಿದರು. “ತಗದೆ ನೋಡ್ರಿ. ಈಗ ಬಂದವರು ಬಂದ್ರು. ಮತ್ತೇನು?”

“ನಿಮಗ ಗಂಡು ಗೊತ್ತಾಗ್ಯದ ಅಂತ ಸುದ್ದಿ ಇತ್ತು” ಎಂದೆ. “ಎರಡು ಮೂಲದಿಂದ ಖಚಿತ ಆಗಿತ್ತು.”

“ಯಾವ ಎರಡು?”

“ನದಾಫ ಸಾಹೇಬ್ರು, ಬಸವಣ್ಣೆವ್ವ.”

“ಅವರಿಗೆ ಯಾರ ಹೇಳಿದ್ರಂತ?”

“ಅವರಿಗೆ ಇವರು. ಇವರಿಗೆ ಅವರು.”

ಅವರು ಕೌಂಟರಿನ ಜಾಲರಿ ಹಿಡಿದು ನಕ್ಕರು. ಕಟ್ಟೆಯ ಮೇಲೆ ಬುತ್ತಿ ಉಣ್ಣುತ್ತಿದ್ದವರು ತಿರುಗಿ ನೋಡಿದರು. ಕಣ್ಣೊರೆಸಿಕೊಂಡು, “ಅಲ್ರಿ, ನಾ ಇಲ್ಲೇ ದಿನಾ ಕೂತಿರ್ತೀನಿ. ನೀವು ದಿನಾ ಬಂದು ನಿಂತಿರ್ತೀರಿ. ನನ್ನ ಕೇಳಾಕ ಏನಾಗಿತ್ತು?” ಎಂದರು.

“ಕೇಳಾಕ ಬಂದೀನಿ.”

“ಕೇಳ್ರಿ ಮತ್ತ.”

ಕೇಳಿದೆ. ಒಂದೇ ವಾಕ್ಯ, ವಿಶೇಷಣ ಒಂದೂ ಇರಲಿಲ್ಲ. ಎಂಟು ತಿಂಗಳಲ್ಲಿ ಬರೆದು ಹೊಡೆದುಹಾಕಿದ ಉಳಿದೆಲ್ಲ ವಾಕ್ಯಗಳಿಗಿಂತ ಅದು ಚಿಕ್ಕದಿತ್ತು.

ಅವರು ಹೊರಗೆ ಸೂರ್ಯನನ್ನು ನೋಡಿದರು. ಅವನು ಡಿಪೋದ ಗೋಡೆಗಿಂತ ಎರಡು ಬೆರಳು ಮೇಲಿದ್ದ, ಕದಲುವ ಲಕ್ಷಣವಿರಲಿಲ್ಲ.

“ಆರು ಆಗೂದು ಯಾವಾಗ್ರಿ?”

“ನನ್ನ ಗಡಿಯಾರದಾಗ ನಾಡಿದ್ದು ಸಂಜಿಗೆ.”

“ಹಂಗಾರ ಏನವಸರ? ಮೊದಲ ಚಾ ಕುಡಿಯೋಣ ಬರ್ರಿ. ಮಿರ್ಚಿನೂ ಹೇಳ್ರಿ, ನಾ ಇವತ್ತ ಮೂರು ದಿನದಿಂದ ಊಟಾ ಮಾಡಿಲ್ಲ.”

ಚಹಾ ಬಂತು, ಮಿರ್ಚಿ ಬಂತು. ಅವರು ಮಿರ್ಚಿಯನ್ನು ಎರಡು ತುಂಡು ಮಾಡಿ, ಖಾರ ಇಲ್ಲದ ತುದಿಯನ್ನು ನನಗೆ ಕೊಟ್ಟು, ಬಸ್ಸಿನ ಕಡೆ ನೋಡುತ್ತ, “ಹೂಂ” ಎಂದರು.

“ಖಚಿತ ಏನ್ರಿ?” ಎಂದೆ. ಬಾಯಿ ತಪ್ಪಿ ಬಂತು.

“ಇನ್ನೊಂದ ಮೂಲ ಬೇಕಾದ್ರ ನಮ್ಮವ್ವನ್ನ ಕೇಳ್ರಿ. ನಮ್ಮಣ್ಣನ ಮನ್ಯಾಗ ಇರ್ತಾಳ, ನಾ ಹೊಂಟ ಊರಾಗ.”

ಆ ಸಂಜೆ ನಮ್ಮೂರಿನಲ್ಲಿ ಎರಡು ದಿನ ಇತ್ತು. ಜನ ಕಿಟಕಿಗೆ ಚಾದರ ಕಟ್ಟಿ ಮಲಗಿದರು, ಎದ್ದರು, ಅದೇ ಸಂಜೆಯಲ್ಲಿ ವಾಯುವಿಹಾರಕ್ಕೆ ಹೊರಟರು. ಸಂಡಿಗೆ ಒಣಗಿದವು. ಅರ್ಧ ಗಡ್ಡದವನ ಇನ್ನರ್ಧವೂ ಮುಗಿಯಿತು. ನಾನು ‘ದಿನಾಂತ’ಕ್ಕೆ ಮೂರು ದಿನದ ಪುಟಗಳನ್ನು ಒಂದೇ ಬೆಂಚಿನ ಮೇಲೆ ಕುಳಿತು ಬರೆದು ಕಳಿಸಿದೆ, ಬೆಂಚಿನ ಇನ್ನೊಂದು ತುದಿಯಿಂದ ಅವರು ಎರಡು ತಪ್ಪು ತೋರಿಸಿದರು. ಒಂದನ್ನು ಒಪ್ಪಿಕೊಂಡೆ.

ಗುರುವಾರ ಸಂಜೆ ಆರು ಗಂಟೆಯ ಬಸ್ಸು ಗುರುವಾರ ಸಂಜೆ ಆರು ಗಂಟೆಗೆ ಹೊರಟಿತು. ಐದು ನಿಮಿಷ ಕಾಯಲಿಲ್ಲವಾದ್ದರಿಂದ ಹನ್ನೊಂದು ಜನರಿಗೆ ಅದು ತಪ್ಪಿತು. ಬಸ್ಸಿನೊಳಗೆ ನೀಲಾಂಬಿಕಾ ಇದ್ದರು. ಅವರ ಪಕ್ಕದ ಸೀಟಿನಲ್ಲಿ, ಅವರ ತಾಯಿಯನ್ನು ಕಂಡು ಮಾತಾಡಲು ಹೊರಟಿದ್ದ ನಾನಿದ್ದೆ.